ಮೊಣ್ಣಪ್ಪ ತೂಗಿ ತಂದ ನೀಲ

ಮೂರ್ನಾಡಿನ ಮೊಣ್ಣಪ್ಪನಿಗೆ ಕಾಳುಮೆಣಸಿನ ವಿಷಯದಲ್ಲಿ ಬುದ್ಧಿ ಹೇಳಲು ಹೋಗಿ ಗೆದ್ದು ಬಂದವರು ಸುತ್ತಮುತ್ತ ಯಾರೂ ಇಲ್ಲ. ಲೀಟರಿನ ಅಳತೆ ಪಾತ್ರೆಯನ್ನು ಮೆಣಸಿನ ರಾಶಿಗೆ ಅದ್ದಿ, ಮೇಲೆ ಅಂಗೈ ಆಡಿಸಿ ಸಮ ಮಾಡಿ, ತಕ್ಕಡಿಗೆ ಇಡುವ ಮೊದಲೇ ಅದು ಎಷ್ಟು ಗ್ರಾಂ ತೂಗುತ್ತದೆಂದು ಹೇಳುವ ಆಸಾಮಿ ಅವನು. ಲೀಟರ್ ತೂಕ ಹೆಚ್ಚು ಬಂದರೆ ಕಾಳು ಗಟ್ಟಿ, ಕಡಿಮೆ ಬಂದರೆ ಜೊಳ್ಳು. ವಿರಾಜಪೇಟೆಯ ವ್ಯಾಪಾರಿಗಳೂ ಅವನ ಅಂಗೈ ನಂಬುತ್ತಿದ್ದರು.

ತೊಂದರೆ ಏನೆಂದರೆ, ಮೊಣ್ಣಪ್ಪ ಈ ನಿಯಮವನ್ನು ಮೆಣಸಿಗೆ ಮಾತ್ರ ಬಿಟ್ಟಿರಲಿಲ್ಲ. ಲೋಕದಲ್ಲಿ ಯಾವುದೇ ವಸ್ತುವಾಗಲಿ, ಕೈಯಲ್ಲಿ ಹಿಡಿದಾಗ ಭಾರವಿದ್ದರೆ ಒಳ್ಳೆಯದು ಎಂದೇ ಅವನ ನಂಬಿಕೆ. ಹೆಂಡತಿ ದಮಯಂತಿಗೆ ಅವನು ತಂದುಕೊಟ್ಟ ಸೀರೆಗಳೆಲ್ಲ ಭಾರ. ಒಮ್ಮೆ ತಂದ ರೇಷ್ಮೆ ಸೀರೆಯನ್ನು ಉಟ್ಟು ಅವಳು ಮದುವೆಮನೆಯ ಮೆಟ್ಟಿಲು ಹತ್ತಲಾರದೆ ಅರ್ಧದಲ್ಲೇ ನಿಂತಿದ್ದಳು. ಅವನು ತಂದ ಕುಕ್ಕರನ್ನು ಒಲೆಯಿಂದ ಇಳಿಸಲು ಇಬ್ಬರು ಬೇಕಿತ್ತು. ಮಳೆಗಾಲಕ್ಕೆಂದು ತಂದ ಕಂಬಳಿ ಹೊದ್ದರೆ ಮೇಲೆ ಯಾರೋ ಕೂತಂತೆ ಉಸಿರು ಕಟ್ಟುತ್ತಿತ್ತು. ದಮಯಂತಿ ಜಗಳವಾಡುವ ಹೆಂಗಸಲ್ಲ. ಮರುದಿನ ಬೆಳಿಗ್ಗೆ ಬಿಲ್ಲು ಹುಡುಕಿ, ಬಸ್ಸು ಹತ್ತಿ, ತಂದದ್ದನ್ನು ಅಂಗಡಿಗೆ ಹಿಂದಿರುಗಿಸಿ ತನಗೆ ಬೇಕಾದದ್ದನ್ನು ತಂದುಕೊಳ್ಳುತ್ತಿದ್ದಳು. ಹೀಗೆ ವರ್ಷಗಟ್ಟಲೆ ನಡೆದು, ಈಗ ವಿರಾಜಪೇಟೆಯ ಬಟ್ಟೆ ಅಂಗಡಿಯವರು ಮೊಣ್ಣಪ್ಪನಿಗೆ ಸೀರೆ ಕಟ್ಟಿಕೊಡುವಾಗಲೇ, "ಅಕ್ಕ ನಾಳೆ ಬರ್ತಾರಲ್ವಾ, ಇದೇ ಬಣ್ಣದ್ದು ಹಗುರದ್ದೊಂದು ತೆಗೆದಿಟ್ಟಿರ್ತೀವಿ" ಎನ್ನುವಷ್ಟು ಮುಂದುವರಿದಿದ್ದರು.

ಮೊಣ್ಣಪ್ಪ ಅವರೊಂದಿಗೆ ನಗುತ್ತಿದ್ದ. ಆದರೆ ಜೀಪು ಹತ್ತಿದ ಮೇಲೆ ಅವನ ಮುಖ ಚಿಕ್ಕದಾಗುತ್ತಿತ್ತು. ತಾನು ಕೊಟ್ಟದ್ದೊಂದನ್ನು ಹೆಂಡತಿ ಬದಲಾಯಿಸದೆ ಹಾಗೆಯೇ ಇಟ್ಟುಕೊಳ್ಳಬೇಕು, ಸಾಯುವುದರೊಳಗೆ ಒಂದೇ ಒಂದು ಸಲವಾದರೂ ಹಾಗಾಗಬೇಕು ಎಂಬ ಆಸೆ ಅವನಿಗಿತ್ತು. ಯಾರ ಹತ್ತಿರವೂ ಹೇಳಿಕೊಳ್ಳುವ ಆಸೆಯಲ್ಲ ಅದು.

ದಮಯಂತಿಗೆ ತಾಯಿಯಿಂದ ಬಂದ ಉಂಗುರವೊಂದಿತ್ತು. ಅದರಲ್ಲಿ ಒಂದು ನೀಲ. ನೀಲವೆಂದರೂ ನೀಲಿ ಬಣ್ಣದ್ದಲ್ಲ. ಕೊಡಗಿನ ಕಿತ್ತಳೆ ಹಣ್ಣಾಗುವಾಗ ತೊಟ್ಟಿನ ಸುತ್ತ ಕೊನೆಗೆ ಉಳಿಯುತ್ತದಲ್ಲ, ಹಸಿರೂ ಅಲ್ಲದ ಹಳದಿಯೂ ಅಲ್ಲದ ಬಣ್ಣ, ಅಂಥದ್ದು. ಹೋದ ವರ್ಷ ಮೆಣಸಿನ ಕೊಯ್ಲಿನಲ್ಲಿ ಅವಳು ಕಣದಲ್ಲಿ ಮೆಣಸು ಹರವುತ್ತಿದ್ದಾಗ ಆ ಕಲ್ಲು ಎಲ್ಲೋ ಉದುರಿಹೋಯಿತು. ಕಣದ ಮೆಣಸನ್ನೆಲ್ಲ ಜರಡಿ ಹಿಡಿದರು, ಗುಡಿಸಿದ ಕಸವನ್ನೂ ಬಿಡಲಿಲ್ಲ. ಕಲ್ಲು ಸಿಗಲಿಲ್ಲ. ಯಾವುದೋ ಚೀಲದೊಳಗೆ ಸೇರಿ ಯಾವುದೋ ಊರಿನ ಮಸಾಲೆಗೆ ಹೋಗಿರಬೇಕು.

"ಹೋದ್ರೆ ಹೋತ್. ಕಲ್ಲಿಗೆ ಎಂತಕೆ ಅಷ್ಟ್ ಮರುಗ್ದು?" ಎಂದುಬಿಟ್ಟಳು ದಮಯಂತಿ, ಮನೆಯಲ್ಲಾಡುವ ಅರೆಭಾಷೆಯಲ್ಲಿ.

ಹಾಗೆಂದವಳು ಬರಿಯ ಉಂಗುರವನ್ನೇ ಹಾಕಿಕೊಂಡು ತಿರುಗುತ್ತಿದ್ದಳು. ಕಲ್ಲನ್ನು ಹಿಡಿದಿದ್ದ ನಾಲ್ಕು ಚಿನ್ನದ ಕೊಂಡಿಗಳು ಸೆರಗಿಗೆ ಸಿಕ್ಕುತ್ತಿದ್ದವು, ಸ್ವೆಟರಿನ ನೂಲು ಎಳೆಯುತ್ತಿದ್ದವು. ಕೊನೆಗೊಂದು ದಿನ ಅದನ್ನು ಬಿಚ್ಚಿ ಕನ್ನಡಿಯ ಹತ್ತಿರದ ಹಿತ್ತಾಳೆ ಡಬ್ಬಿಯಲ್ಲಿ ಹಾಕಿಟ್ಟಳು. ಆದರೆ ಅವಳ ಹೆಬ್ಬೆರಳಿಗೆ ಅದು ತಿಳಿಯಲಿಲ್ಲ. ಟಿವಿ ನೋಡುವಾಗ, ಬಸ್ಸಿಗೆ ಕಾಯುವಾಗ, ಯಾರಾದರೂ ಕಷ್ಟ ಹೇಳಿಕೊಳ್ಳುವಾಗ ಹೆಬ್ಬೆರಳು ತನ್ನಷ್ಟಕ್ಕೆ ಪಕ್ಕದ ಬೆರಳುಗಳನ್ನು ದಾಟಿ ಉಂಗುರದ ಬೆರಳಿಗೆ ಹೋಗಿ ಕಲ್ಲನ್ನು ತಡಕುತ್ತಿತ್ತು. ಸಿಗದೆ ಅಲ್ಲೇ ಚರ್ಮವನ್ನು ಉಜ್ಜುತ್ತಿತ್ತು. ಮೊಣ್ಣಪ್ಪ ಅದನ್ನು ನೋಡುತ್ತಿದ್ದ. ನೋಡಿದಾಗಲೆಲ್ಲ ಅವನಿಗೆ ಸಂಕಟವಾಗುತ್ತಿತ್ತು.

ಈ ಸಲದ ಕಾಫಿ ಪಿಕ್ಕಿಂಗ್ ನಡುವೆ ಒಂದು ಬೆಳಿಗ್ಗೆ, ದಮಯಂತಿ ಕೂಲಿಯವರ ಲೈನ್ ಮನೆಗಳ ಕಡೆ ಹೋದ ಹೊತ್ತು ನೋಡಿ ಅವನು ಡಬ್ಬಿ ತೆರೆದು ಉಂಗುರವನ್ನು ಜೇಬಿಗೆ ಹಾಕಿಕೊಂಡ. ದಮಯಂತಿ ಧೂಳು ಒರೆಸುವಾಗ ಡಬ್ಬಿಯನ್ನು ಎತ್ತಿ ಒಮ್ಮೆ ಅಲ್ಲಾಡಿಸಿ ಇಡುವುದು ಅವನಿಗೆ ಗೊತ್ತಿತ್ತು. ಸದ್ದು ಬಾರದಿದ್ದರೆ ಸಿಕ್ಕಿಬೀಳುತ್ತಾನೆ. ಸುತ್ತ ನೋಡಿದ, ಏನೂ ಕಾಣಲಿಲ್ಲ. ಮೈಮೇಲಿನ ಚೌಕಳಿ ಅಂಗಿಯ ಮುಂಗೈ ಗುಂಡಿ ನೂಲಿನಲ್ಲಿ ನೇತಾಡುತ್ತಿತ್ತು. ಅದನ್ನೇ ಕಿತ್ತು ಡಬ್ಬಿಗೆ ಹಾಕಿ ಅಲ್ಲಾಡಿಸಿ ನೋಡಿದ. ಉಂಗುರದಂತೆಯೇ ಸದ್ದು ಬಂತು. ತನ್ನ ಬುದ್ಧಿಗೆ ತಾನೇ ತಲೆದೂಗುತ್ತ ಜೀಪು ಹತ್ತಿದ.

ವಿರಾಜಪೇಟೆಯಲ್ಲಿ ಚಿನ್ನದ ಕೆಲಸ ಮಾಡುವ ಜಯಪ್ರಕಾಶನ ಅಂಗಡಿ ಒಂದು ಹೆಜ್ಜೆಯಷ್ಟು ಅಗಲ. ಅವನ ಬಾಯಿ ಮಾತ್ರ ಬಹಳ ದೊಡ್ಡದು. "ನನ್ನತ್ರ ಈ ಬಣ್ಣದ್ದು ಎಲ್ಲಿಂದ ಬರ್ಬೇಕು ಮೊಣ್ಣಪ್ಪಣ್ಣ? ಈಗೆಲ್ಲ ಆನ್‌ಲೈನು. ಮೊಬೈಲಲ್ಲಿ ನೋಡಿ ತರ್ಸಿಕೊಳ್ಳಿ, ನಾನು ಕೂರಿಸಿ ಕೊಡ್ತೀನಿ" ಎಂದ. ಉಂಗುರವನ್ನು ಅಳೆದು, "ಉದ್ದ ಎಂಟು ಮಿಲಿಮೀಟರು, ಅಗಲ ಆರು. ಮೊಟ್ಟೆ ಆಕಾರ. ಹಿಂದ್ಗಡೆ ತೆರೆದದ್ದು, ಕಲ್ಲು ಬೆರಳಿಗೆ ತಾಗೋ ಹಾಗೆ ಮಾಡಿದ್ದಾರೆ ಹಳೇ ಕಾಲದವರು" ಎಂದು ಹೇಳಿ ಬೇರೆ ಗಿರಾಕಿಯತ್ತ ತಿರುಗಿದ.

ಮೊಣ್ಣಪ್ಪ ಕಾಫಿ ಕಣದ ಮೂಲೆಯ ಶೆಡ್ಡಿನಲ್ಲಿ ಕುಳಿತು ಮೊಬೈಲು ತೆರೆದ. ಬೆಂಗಳೂರಿನ ಒಂದು ಕಂಪನಿಯ ಪುಟ ಸಿಕ್ಕಿತು. ನೀಲದಲ್ಲಿ ಇಷ್ಟು ಬಣ್ಣಗಳಿರುತ್ತವೆಂದು ಅವನಿಗೆ ತಿಳಿದಿರಲಿಲ್ಲ. ಗುಲಾಬಿ, ನೇರಳೆ, ಹಸಿರು, ಹಳದಿ, ಎರಡು ಬಣ್ಣ ಒಂದೇ ಕಲ್ಲಿನಲ್ಲಿ ಸೇರಿದ್ದು ಕೂಡ. ಎಲ್ಲ ಕಲ್ಲೂ ಕಪ್ಪು ಬಟ್ಟೆಯ ಮೇಲೆ ತಿರುಗುತ್ತ ಥಳಥಳ ಹೊಳೆಯುತ್ತಿದ್ದವು. ಒಂದೊಂದರ ಪಕ್ಕದಲ್ಲೂ ಉದ್ದ, ಅಗಲ, ಆಳ, ತೂಕ ಬರೆದಿತ್ತು. ತೂಕ ಎಂಬ ಪದ ಕಂಡದ್ದೇ ಮೊಣ್ಣಪ್ಪನಿಗೆ ಪರದೇಶದಲ್ಲಿ ನಂಟರು ಸಿಕ್ಕಷ್ಟು ಸಮಾಧಾನವಾಯಿತು. ಮಾತಾಡಲು ಕೊಟ್ಟಿದ್ದ ನಂಬರಿಗೆ ಫೋನು ಹಚ್ಚಿದ. ಆ ಕಡೆಯಿಂದ ಶೋಭಿತಾ ಎಂಬ ಹುಡುಗಿ, ಕನ್ನಡದ ಗಿರಾಕಿಗಳನ್ನು ನೋಡಿಕೊಳ್ಳುವವಳು, ಮಾತಾಡಿದಳು.

"ಎಂಟಕ್ಕೆ ಆರರ ಅಳತೆಯಲ್ಲಿ, ಈ ಬಣ್ಣದಲ್ಲಿ, ಎಲ್ಲಕ್ಕಿಂತ ತೂಕದ್ದು ಯಾವುದು?" ಎಂದು ಕೇಳಿದ ಮೊಣ್ಣಪ್ಪ.

"ಸರ್, ತೂಕದ ಮುಂಚೆ ಕಟಿಂಗ್ ನೋಡೋದು ಒಳ್ಳೇದು. ನಾನು ಪಕ್ಕದಿಂದ ಒಂದು ವಿಡಿಯೋ ಕಳಿಸ್ಲಾ?"

"ಕಟಿಂಗು ಗಿಟಿಂಗು ಆಮೇಲೆ ಮಗಾ. ನೀನು ಅಳತೆ ಒಂದೇ ಇರುವ ಎರಡು ಕಲ್ಲು ಇಟ್ಕೋ. ಒಂದು ಹೆಚ್ಚು ತೂಗುತ್ತೆ, ಒಂದು ಕಡಿಮೆ. ಹೆಚ್ಚಿನದು ಗಟ್ಟಿ ಅಂತ ತಾನೇ? ನಾನು ಮೂವತ್ತು ವರ್ಷದಿಂದ ಮೆಣಸು ಮಾರೋನು."

ಮೆಣಸಿಗೂ ನೀಲಕ್ಕೂ ಏನು ಸಂಬಂಧವೆಂದು ಕೇಳುವುದು ಶೋಭಿತಾಳ ಕೆಲಸದ ನಿಯಮಕ್ಕೆ ಒಪ್ಪುತ್ತಿರಲಿಲ್ಲವೋ ಏನೋ. "ಇಷ್ಟವಾಗದಿದ್ದರೆ ಹತ್ತು ದಿನದೊಳಗೆ ವಾಪಸ್ ಮಾಡಬಹುದು ಸರ್. ಆದರೆ ಉಂಗುರಕ್ಕೆ ಕೂರಿಸಿದ ಮೇಲೆ ವಾಪಸ್ ತಗೊಳ್ಳಲ್ಲ" ಎಂದಷ್ಟೇ ಹೇಳಿದಳು.

ವಾಪಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ಮೊಣ್ಣಪ್ಪನಿಗೆ ಮೈ ಉರಿಯಿತು. ಅಳೆದು ತೂಗಿ, ಇದ್ದುದರಲ್ಲಿ ಅತಿ ಭಾರದ್ದನ್ನು ಆರಿಸಿ ದುಡ್ಡು ಕಟ್ಟಿದ.

ಕಲ್ಲು ಮೂರ್ನಾಡಿನ ಕೊರಿಯರ್ ಅಂಗಡಿಗೆ ಬಂತು. ಪೊಟ್ಟಣ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಬೇಕೆಂದು ಕಂಪನಿಯವರು ಹೇಳಿದ್ದರು. ಮೊಣ್ಣಪ್ಪ ಜೀಪಿನೊಳಗೆ ಕೂತು ಒಂದು ಕೈಯಲ್ಲಿ ಮೊಬೈಲು ಹಿಡಿದು ಇನ್ನೊಂದರಲ್ಲಿ ಬಿಚ್ಚಿದ. ಆ ವಿಡಿಯೋದಲ್ಲಿ ಮೊದಲಿಂದ ಕೊನೆವರೆಗೆ ಅವನ ಹೆಬ್ಬೆರಳೇ ಕಾಣುತ್ತಿತ್ತು. ಜೊತೆಗೆ ಪ್ರಯೋಗಶಾಲೆಯ ಸರ್ಟಿಫಿಕೇಟೂ ಬಂದಿತ್ತು. ಅಸಲಿ ನೀಲ ಎಂದು ಅದರಲ್ಲಿ ಬರೆದಿತ್ತು. ಸರ್ಟಿಫಿಕೇಟು ಜಾತಕದ ಹಾಗೆ. ಹುಡುಗಿ ಹುಡುಗಿಯೇ ಹೌದೆಂದು ಹೇಳೀತು, ನಕ್ಕರೆ ಚೆಂದವೋ ಇಲ್ಲವೋ ಎಂದು ಹೇಳುವುದಿಲ್ಲ. ಇದು ಮೊಣ್ಣಪ್ಪನಿಗೆ ಆಗ ಹೊಳೆಯಲಿಲ್ಲ.

ಜಯಪ್ರಕಾಶ ಚಿಮ್ಮಟದಲ್ಲಿ ಕಲ್ಲನ್ನು ಹಿಡಿದು ಉಂಗುರದ ಮೇಲಿಟ್ಟು ನೋಡಿದ. ತೆಗೆದ. ಮತ್ತೆ ಇಟ್ಟ. ಆಮೇಲೆ ಗಹಗಹಿಸಿ ನಗತೊಡಗಿದ.

"ಇದಕ್ಕೆ ಹೊಟ್ಟೆ ನೋಡಿ ಮೊಣ್ಣಪ್ಪಣ್ಣ! ಆರು ತಿಂಗಳ ಬಸುರಿ ಇದ್ದ ಹಾಗಿದೆ. ಇದನ್ನ ಕೂರಿಸಿದ್ರೆ ಕೆಳಗಡೆಯಿಂದ ಹೊರಗೆ ಬಂದು ಅಕ್ಕನ ಬೆರಳಿಗೆ ಚುಚ್ಚುತ್ತೆ!"

ಮೊಣ್ಣಪ್ಪ ಬಗ್ಗಿ ನೋಡಿದ. ಹೌದು, ಮೇಲಿನಿಂದ ಎಂಟಕ್ಕೆ ಆರೇ ಇದ್ದ ಕಲ್ಲು ಅಡಿಯಲ್ಲಿ ಸೋರೆಕಾಯಿಯ ಹಾಗೆ ಉಬ್ಬಿತ್ತು. ತೂಕವೆಲ್ಲ ಅಲ್ಲೇ ಕೂತಿತ್ತು. ಅಷ್ಟೇ ಅಲ್ಲ, ಮೊಬೈಲಿನಲ್ಲಿ ಥಳಥಳಿಸಿದ್ದ ಕಲ್ಲು ಅಂಗಡಿಯ ಬೆಳಕಿನಲ್ಲಿ ನಡುವೆ ಕಪ್ಪಗೆ, ಬಾವಿಗೆ ಇಣುಕಿದ ಹಾಗೆ ಕಾಣುತ್ತಿತ್ತು.

ಸಂಜೆ ಶೋಭಿತಾಗೆ ಫೋನು ಮಾಡಿದ. ಅವಳು ಬೇಸರ ತೋರಿಸದೆ ಬಿಡಿಸಿ ಹೇಳಿದಳು. ಕಲ್ಲನ್ನು ಮಾರುವುದು ಕ್ಯಾರೆಟ್ ಲೆಕ್ಕದಲ್ಲಿ, ಎಂದರೆ ತೂಕದಲ್ಲಿ. ಹಾಗಾಗಿ ಕೆಲವರು ಕೊರೆಯುವಾಗ ಅಡಿಯಲ್ಲಿ ಹೊಟ್ಟೆ ಬಿಡುತ್ತಾರೆ. ಮೇಲಿಂದ ಬಿದ್ದ ಬೆಳಕು ಆ ಹೊಟ್ಟೆಯೊಳಗೆ ಹೋಗಿ ಪಕ್ಕದಿಂದ ಸೋರಿಹೋಗುತ್ತದೆ, ಕಣ್ಣಿಗೆ ಮರಳಿ ಬರುವುದಿಲ್ಲ. "ನೀವು ಆ ಹೊಟ್ಟೆಗೆ ದುಡ್ಡು ಕೊಟ್ಟಿದ್ದೀರಿ ಸರ್" ಎಂದಳು ಪಾಪ, ಮೆಲ್ಲಗೆ.

ಮೊಣ್ಣಪ್ಪನಿಗೆ ಅವಮಾನವಾಯಿತು. ಮೂವತ್ತು ವರ್ಷ ತಕ್ಕಡಿ ಹಿಡಿದವನನ್ನು ಒಂದು ಕಲ್ಲು ಮೋಸ ಮಾಡಿತಲ್ಲ! ಕಲ್ಲನ್ನು ವಾಪಸ್ ಕಳಿಸಿದ. ಹೊಟ್ಟೆ ಇರುವುದೇ ತಪ್ಪು ತಾನೇ? ಈ ಸಲ ಹೊಟ್ಟೆಯೇ ಇಲ್ಲದ್ದು ತರಿಸುತ್ತೇನೆ ಎಂದು, ಆಳದ ಅಂಕಿ ಎಲ್ಲಕ್ಕಿಂತ ಕಡಿಮೆ ಇದ್ದದ್ದನ್ನು ಹುಡುಕಿ, ಶೋಭಿತಾ "ಸರ್, ಒಂದು ನಿಮಿಷ" ಎನ್ನುವಷ್ಟರಲ್ಲಿ ಗುಂಡಿ ಒತ್ತಿಬಿಟ್ಟ. ಬಾಣಲೆಯಿಂದ ಬೆಂಕಿಗೆ ಬಿದ್ದ.

ಎರಡನೆಯ ಕಲ್ಲು ನೋಡಲು ಅಗಲವಾಗಿ ತೆಳ್ಳಗೆ ಲಕ್ಷಣವಾಗಿಯೇ ಇತ್ತು. ಜೀಪಿನ ಸೀಟಿನ ಮೇಲೆ ಪೇಪರು ಬಿದ್ದಿತ್ತು, ಅದರ ಮೇಲೆ ಕಲ್ಲನ್ನಿಟ್ಟು ಕನ್ನಡಕ ಏರಿಸಿ ಬಗ್ಗಿದ. ಕಲ್ಲಿನ ಹೊಳಪಿನ ಬದಲು ಅದರ ನಟ್ಟನಡುವೆ 'ಕಾಳುಮೆಣಸು' ಎಂಬ ಅಕ್ಷರಗಳು ಕಂಡವು. ಕಲ್ಲನ್ನು ಸರಿಸಿದ, ಪಕ್ಕದಲ್ಲಿದ್ದ ಅಂದಿನ ಧಾರಣೆಯೂ ಸ್ಪಷ್ಟವಾಗಿ ಕಂಡಿತು. ಕಿಟಕಿಯ ಗಾಜಿನಂತೆ ಕಲ್ಲಿನ ಮೂಲಕ ಪೇಟೆ ಧಾರಣೆ ಓದಿದ ಮೊದಲ ಬೆಳೆಗಾರ ಮೊಣ್ಣಪ್ಪನೇ ಇರಬೇಕು. ಅಂಚಿನಲ್ಲಿ ಒಂದಿಷ್ಟು ಮಿಂಚು, ನಡುವೆ ಬಟ್ಟಬಯಲು. ಮೊದಲನೆಯದರಲ್ಲಿ ಬೆಳಕು ಒಳಗೇ ಕಳೆದುಹೋದರೆ ಇದರಲ್ಲಿ ನೇರ ಕೆಳಗಿಳಿದು ಹೋಗುತ್ತಿತ್ತು. ಇದನ್ನು ಜಯಪ್ರಕಾಶನಿಗೆ ತೋರಿಸುವ ಧೈರ್ಯವೂ ಬರಲಿಲ್ಲ, ಹಾಗೆಯೇ ವಾಪಸ್ ಕಳಿಸಿದ. ಧಾರಣೆ ಮಾತ್ರ ಚೆನ್ನಾಗಿತ್ತು, ಅದೊಂದು ಸಮಾಧಾನ.

ಮರುದಿನ ಬೆಳಿಗ್ಗೆ ಅವನು ಅಂಗಿ ತೊಟ್ಟು, ಮುಂಗೈ ಗುಂಡಿ ಹಾಕಿಕೊಂಡು, ತಿಂಡಿಗೆ ಬಂದು ಕೂತ. ಮುಖ ಕುಂಬಳಕಾಯಿಯಷ್ಟು ಊದಿತ್ತು. ದಮಯಂತಿ ಅಕ್ಕಿರೊಟ್ಟಿ ಬಡಿಸಿ ಎದುರಿಗೆ ಕೂತು ಕಿತ್ತಳೆ ಸುಲಿಯತೊಡಗಿದಳು.

"ಎಂತ, ಎರಡ್ ವಾರಂದ ಒಂಥರ ಉಳ್ಳರಿ. ಕಾಫಿ ಉದುರ್ದಾ, ಮನ್ಸ್ ಉದುರ್ದಾ?"

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಮೊಣ್ಣಪ್ಪ ಜೇಬು ಮುಟ್ಟಿ ನೋಡಿಕೊಂಡ. ಉಂಗುರ ಅಲ್ಲೇ ಇತ್ತು. "ನಂಗೆ ಎಂತ ಇಲ್ಲೆ" ಎಂದ. ಸ್ವಲ್ಪ ಹೊತ್ತು ರೊಟ್ಟಿ ಹರಿದ. ತಡೆಯಲಾಗಲಿಲ್ಲ. "ಬಾಳೆಲೆ ಊರ್‌ಲಿ ನನ್ನ ಫ್ರೆಂಡ್ ಒಬ್ಬ. ಅಂವ ಮೊಬೈಲ್‌ಲಿ ನೋಡಿ ಒಂದ್ ಸಾಮಾನ್ ತಕಂಬಕೆ ಹೊರಟುಟ್ಟು. ಕೈಲಿ ಮುಟ್ಟಿಕೆ ಆದುಲೆ. ಒಳ್ಳೇದಾ ಕೆಟ್ಟದಾಂತ ಹೆಂಗೆ ಗೊತ್ತಾದು?"

"ಎಂತ ಸಾಮಾನ್?"

"ಎಂತದೋ ಒಂದ್. ಸೀರೇಂತ ಮಡ್ಗು."

ದಮಯಂತಿ ಕಿತ್ತಳೆಯ ನಾರು ಬಿಡಿಸುತ್ತ ಅವನನ್ನು ನೋಡಲಿಲ್ಲ. ತುಟಿಯ ತುದಿಯಲ್ಲಿ ಏನೋ ಸಣ್ಣಗೆ ಆಡಿತು. ಮೊಣ್ಣಪ್ಪ ರೊಟ್ಟಿಯನ್ನೇ ನೋಡುತ್ತಿದ್ದ.

"ಸೀರೆ ಆದ್ರೆ, ಅಂಗಡಿ ಲೈಟ್‌ಲಿ ನೋಡಿ ತಕಂಡವು ಎಲ್ಲ ಕೆಟ್ಟವೆ. ಆ ಲೈಟ್‌ಲಿ ಗೋಣಿಚೀಲನೂ ಚೆಂದ ಕಂಡದೆ. ನಾ ಆದ್ರೆ ಬಾಗಿಲ್ ಹೊರಗೆ ತಂದ್ ನೆರಳ್‌ಲಿ ನೋಡ್ನೆ. ಮತ್ತೆ ಮಗುಚಿ ಹಿಂದ್ ನೋಡೊಕು. ಮುಂದ್ ಎಲ್ಲರೂ ಚೆಂದ ಮಾಡುವೆ, ಕೆಲ್ಸ ಗೊತ್ತಾದು ಹಿಂದ್ ನೋಡಿರೆ." ಒಂದು ತೊಳೆ ಬಾಯಿಗೆ ಹಾಕಿಕೊಂಡಳು. "ಮತ್ತೆ, ಮೈಮೇಲೆ ಹಾಕಿ ನಾಲ್ಕ್ ಹೆಜ್ಜೆ ನಡ್ದ್ ನೋಡೊಕು. ನಿಂತಲ್ಲಿ ಚೆಂದ ಇರ್ದು ಎಲ್ಲ ನಡೆಯಕನ ಚೆಂದ ಇರ್ದುಲೆ. ನಿಮ್ಮ ಫ್ರೆಂಡ್‌ಗೆ ಹೇಳಿ."

"ಹೇಳ್ನೆ" ಎಂದು ಮೊಣ್ಣಪ್ಪ ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಎರಡು ವಾರದಲ್ಲಿ ಮೊದಲ ಸಲ ಅವನಿಗೆ ಹಸಿವಾಗಿತ್ತು.

ತಿಂಡಿ ಮುಗಿಸಿದವನೇ ಎದುರಿನ ಗಿಡದಿಂದ ಬಣ್ಣ ತಿರುಗುತ್ತಿದ್ದ ಕಿತ್ತಳೆಯೊಂದನ್ನು ಕಿತ್ತುಕೊಂಡು ಕಣಕ್ಕೆ ನಡೆದ. ಒಣಗಲು ಹರವಿದ್ದ ಕಾಫಿ ಹಣ್ಣಿನ ನಡುವೆ ಸ್ಟೂಲು ಹಾಕಿ ಕೂತು ಶೋಭಿತಾಗೆ ವಿಡಿಯೋ ಕಾಲ್ ಮಾಡಿದ.

"ಈ ಸಲ ನಾನು ಹೇಳಿದ ಹಾಗೆ ತೋರಿಸ್ಬೇಕು ಮಗಾ. ಮೊದಲು ಆ ಲೈಟಿನ ಕೆಳಗಿಂದ ಎದ್ದು ಬಾ. ಕಿಟಕಿ ಹತ್ತಿರ, ನೆರಳಲ್ಲಿ."

ಶೋಭಿತಾ ನಗುತ್ತ ಎದ್ದಳು. ನಾಲ್ಕು ಕಲ್ಲುಗಳ ತಟ್ಟೆ ಹಿಡಿದು ಆಫೀಸಿನ ವರಾಂಡಕ್ಕೆ ಬಂದಳು. ದೀಪದಿಂದ ಹೊರಗೆ ಬಂದದ್ದೇ ನಾಲ್ಕರಲ್ಲಿ ಒಂದು ಬೂದಿಯಂತೆ ಸಪ್ಪಗಾಯಿತು. ಅದನ್ನು ತೆಗೆದಿಡಿಸಿದ. ಕಿತ್ತಳೆಯನ್ನು ಮೊಬೈಲಿನ ಮುಂದೆ ಹಿಡಿದು, "ಈ ತೊಟ್ಟಿನ ಹತ್ತಿರ ನೋಡು, ಈ ಬಣ್ಣ. ಉಳಿದದ್ದಲ್ಲ, ಇಲ್ಲಿಯ ಬಣ್ಣ" ಎಂದು ಬೆರಳಿಟ್ಟು ತೋರಿಸಿದ. ಅವಳು ಉಳಿದ ಮೂರನ್ನೂ ಒಂದೊಂದಾಗಿ ಬೆರಳ ಸಂದಿನಲ್ಲಿ ಹಿಡಿದು ತೋರಿಸಿದಳು. ಒಂದು ತೀರ ಹಸಿರು. ಎರಡು ಉಳಿದವು.

"ಈಗ ಮಗುಚು. ಹಿಂದೆ ನೋಡ್ಬೇಕು. ಪಕ್ಕದಿಂದಲೂ."

ಒಂದರ ಅಡಿ ಒಂದು ಕಡೆಗೆ ವಾಲಿತ್ತು, ಚೂಪು ತುದಿ ನಡುವಿನಲ್ಲಿರದೆ ಅಂಚಿನ ಕಡೆಗೆ ಸರಿದಿತ್ತು. ಇನ್ನೊಂದು ನಾಲ್ಕೂ ಕಡೆಯಿಂದ ಸಮವಾಗಿ ಇಳಿದು ನಟ್ಟನಡುವೆ ಕೂಡುತ್ತಿತ್ತು. ಹೊಟ್ಟೆಯೂ ಇಲ್ಲ, ಚಪ್ಪಟೆಯೂ ಅಲ್ಲ. ಪೇಪರಿನ ಮೇಲಿಡಿಸಿದ, ಅಕ್ಷರ ಕಾಣಲಿಲ್ಲ. ಕೊನೆಗೆ ಅವಳ ಬೆರಳ ಮೇಲೆ ಇಡಿಸಿ, "ಈಗ ನಡಿ" ಎಂದ.

"ನಡೀಬೇಕಾ ಸರ್?"

"ನಾಲ್ಕು ಹೆಜ್ಜೆ. ಕೈ ಆಡಿಸ್ಕೊಂಡು."

ಬೆಂಗಳೂರಿನ ಯಾವುದೋ ಕಟ್ಟಡದ ವರಾಂಡದಲ್ಲಿ ಶೋಭಿತಾ ಒಂದು ಕೈಯಲ್ಲಿ ಮೊಬೈಲು ಹಿಡಿದು, ಇನ್ನೊಂದು ಕೈಯ ಬೆರಳ ಮೇಲೆ ಕಲ್ಲಿಟ್ಟುಕೊಂಡು ಹುಷಾರಾಗಿ ನಡೆದಳು. ಕೈ ಅಲುಗಿದಂತೆ ಕಲ್ಲಿನೊಳಗೆ ಬೆಳಕು ಒಂದು ಮೂಲೆಯಿಂದ ಇನ್ನೊಂದಕ್ಕೆ ಹಾರಿತು. ಒಂದು ಕಡೆ ಆರಿದರೆ ಇನ್ನೊಂದು ಕಡೆ ಹತ್ತಿತು. ಎಲ್ಲಿಯೂ ಬಾವಿಯಿಲ್ಲ, ಬಯಲೂ ಇಲ್ಲ. ಮೊಣ್ಣಪ್ಪ ಸ್ಟೂಲಿನಿಂದ ಎದ್ದು ನಿಂತಿದ್ದ.

"ಅಂಚಿನಲ್ಲಿ ಕೂದಲೆಳೆಯಷ್ಟು ಒಂದು ಗೆರೆ ಇದೆ ಸರ್, ಮೊದಲೇ ಹೇಳಿಬಿಡ್ತೀನಿ" ಎಂದು ಅವಳು ಹತ್ತಿರದಿಂದ ತೋರಿಸಿದಳು. "ಮಣ್ಣಿನೊಳಗೆ ಹುಟ್ಟಿದ್ದಲ್ವಾ? ಮತ್ತೆ ಇದರ ತೂಕ..."

"ಎಷ್ಟು?"

"ನೀವು ಮೊದಲು ತಗೊಂಡಿದ್ದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಬೆಲೆ ಮಾತ್ರ ಅದಕ್ಕಿಂತ ಹೆಚ್ಚು."

ಮೊಣ್ಣಪ್ಪನ ಕೈ ಅಲ್ಲೇ ನಿಂತಿತು. ಭಾರ ಕಡಿಮೆ, ಬೆಲೆ ಹೆಚ್ಚು! ಮೆಣಸಿನ ವ್ಯಾಪಾರದಲ್ಲಿ ಯಾರಾದರೂ ಈ ಮಾತು ಹೇಳಿದ್ದರೆ ಜೀಪು ತಿರುಗಿಸಿಕೊಂಡು ಬರುತ್ತಿದ್ದ. ಕಣದ ಮೂಲೆಯಲ್ಲಿ ಅವನ ಲೀಟರ್ ಪಾತ್ರೆ ಮಗುಚಿ ಇಟ್ಟಿತ್ತು. ಅದನ್ನೊಮ್ಮೆ ನೋಡಿದ. ಆಮೇಲೆ ಅದಕ್ಕೆ ಬೆನ್ನು ಹಾಕಿ ನಿಂತು, "ಅದನ್ನೇ ಕಳಿಸು ಮಗಾ" ಎಂದ.

ಕಲ್ಲು ಬಂತು. ಜೀಪಿನ ಹೊರಗೆ, ಅತ್ತಿಮರದ ನೆರಳಿನಲ್ಲಿ ನಿಂತು ನೋಡಿದ. ಮೊಬೈಲಿನಲ್ಲಿ ಕಂಡದ್ದಕ್ಕಿಂತ ಒಂದು ಎಳೆ ಹಳದಿ ಹೆಚ್ಚಿತ್ತು. ಅಷ್ಟೇ. ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಅವನಿಗೆ ಸಂತೋಷದ ಜೊತೆಗೇ ಹೆದರಿಕೆಯೂ ಆಯಿತು. ಇದೂ ಹಿಂದಕ್ಕೆ ಹೋದರೆ ಇನ್ನು ತರುವ ಶಕ್ತಿ ತನಗಿಲ್ಲ. ಜಯಪ್ರಕಾಶ ಒಮ್ಮೆ ಕೂರಿಸಿಬಿಟ್ಟರೆ ದಮಯಂತಿ ವಾಪಸ್ ಕೊಡುವಂತೆಯೇ ಇಲ್ಲವಲ್ಲ ಎಂಬ ಕಳ್ಳ ಯೋಚನೆಯೂ ಒಮ್ಮೆ ಬಂತು. ವಿರಾಜಪೇಟೆಯ ದಾರಿಗೆ ಜೀಪು ತಿರುಗಿಸಿಯೂ ಬಿಟ್ಟ. ಎರಡು ತಿರುವು ಹೋದವನು ನಿಲ್ಲಿಸಿದ. ಬೇಡವೆನ್ನಲು ಅವಕಾಶವೇ ಇಲ್ಲದೆ ಇಟ್ಟುಕೊಂಡರೆ ಅದು ಇಟ್ಟುಕೊಂಡ ಹಾಗಾಯಿತೇ? ಜೀಪನ್ನು ಹಿಂದಕ್ಕೆ ತಿರುಗಿಸಿ ಮನೆಗೆ ಬಂದ.

ದಮಯಂತಿ ಜಗಲಿಯಲ್ಲಿ ಕೂತಿದ್ದಳು. ಒಳ್ಳೆಯ ಸೀರೆ ಉಟ್ಟಿದ್ದಳು, ಕೈಯಲ್ಲಿ ಚೀಲ.

"ದಮಯಂತಿ, ಒಂದ್ ಕೆಲ್ಸ ಉಟ್ಟು. ವಿರಾಜ್‌ಪೇಟೆಗೆ..."

"ಹೋಕು. ಉಂಗುರ ನಂಗೆ ಕೊಡಿ. ನಿಮ್ಮ ಜೇಬಿಲಿ ತೂತ್ ಉಟ್ಟು."

ಮೊಣ್ಣಪ್ಪ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡ. "ನಿಂಗೆ... ಹೆಂಗೆ ಗೊತ್ತಾತ್?"

ಅವಳು ಅವನ ಮುಂಗೈ ಕಡೆಗೆ ಬೆರಳು ತೋರಿಸಿದಳು. ಚೌಕಳಿ ಅಂಗಿಯ ಗುಂಡಿ ಅದರ ಜಾಗದಲ್ಲಿ ಗಟ್ಟಿಯಾಗಿ ಕೂತಿತ್ತು. ತಾನು ಕಿತ್ತು ಡಬ್ಬಿಗೆ ಹಾಕಿದ ಅದೇ ಗುಂಡಿ. ಎಷ್ಟೋ ದಿನದಿಂದ ಅದನ್ನು ಹಾಕಿಕೊಂಡೇ ತಿರುಗಿದ್ದ, ಒಮ್ಮೆಯೂ ನೋಡಿರಲಿಲ್ಲ.

"ಡಬ್ಬಿಲಿ ಗುಂಡಿ ಸಿಕ್ಕಿದ ದಿನವೇ ಹೊಲ್ದ್ ಹಾಕಿದೆ. ಎರಡ್ ಸರ್ತಿ ಮೋರೆ ಊದಿಸ್ಕಂಡ್ ಬಂದ್ರಿ. ನಾ ಲೆಕ್ಕ ಹಾಕಿದೆ, ಎರಡ್ ಸರ್ತಿ ವಾಪಸ್ ಆತ್‌ಂತ. ಇಂದ್ ನಗಾಡ್ಕಂಡ್ ಹೊರಟ್ರಿ, ನಾನೂ ಹೊರಟ್ ಕೂತೆ. ಅಂತೂ ಈ ಸರ್ತಿ ಆ ಕೆಲ್ಸ ನೀವೇ ಕಲ್ತರಿ" ಎಂದು ನಗುತ್ತ ಜೀಪು ಹತ್ತಿದಳು.

ಬಾಳೆಲೆಯ ಫ್ರೆಂಡನ್ನು ಇಬ್ಬರೂ ದಾರಿಯಲ್ಲಿ ನೆನೆಯಲಿಲ್ಲ.

ಜಯಪ್ರಕಾಶ ಉಂಗುರವನ್ನು ಹಿಡಿಕೆಗೆ ಸಿಕ್ಕಿಸಿ ಕಲ್ಲನ್ನು ಮೇಲಿಟ್ಟ. ಇದು ಉಂಗುರದ ಅಳತೆಗೇ ಹುಟ್ಟಿದಂತೆ ಕೂತಿತು, ಹಿಂದಿನಿಂದ ಇಣುಕಲೂ ಇಲ್ಲ. ಕೂದಲೆಳೆಯ ಗೆರೆ ಒಂದು ಕೊಂಡಿಯ ಕೆಳಗೆ ಮುಚ್ಚಿಹೋಗುತ್ತದೆಂದ. ಕೊಂಡಿ ಒತ್ತುವ ಸಲಕರಣೆ ಕೈಗೆತ್ತಿಕೊಂಡು ಒಂದು ಗಳಿಗೆ ತಡೆದ. ಊರಿಗೆಲ್ಲ ಗೊತ್ತಿದ್ದ ಕಥೆ ಅವನಿಗೂ ಗೊತ್ತಿತ್ತು.

"ಅಕ್ಕ, ಒಂದು ಮಾತು. ಒತ್ತಿದ್ಮೇಲೆ ಕಂಪನಿಯವರು ವಾಪಸ್ ತಗೊಳ್ಳಲ್ಲ. ಶನಿವಾರದ ತನಕ ಟೈಮಿದೆಯಂತೆ. ಬೇಕಾದ್ರೆ ಯೋಚನೆ ಮಾಡಿ."

"ಕೊಡಿ ಇಲ್ಲಿ" ಎಂದಳು ದಮಯಂತಿ.

ಕಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಅಂಗಡಿಯ ಮೆಟ್ಟಿಲಿಳಿದು ರಸ್ತೆಗೆ ಹೋದಳು. ಕೇರಳದ ಬಸ್ಸೊಂದು ಹಾರನ್ ಹೊಡೆಯುತ್ತ ಹೋಯಿತು, ಅವಳು ತಲೆಯೆತ್ತಲಿಲ್ಲ. ಎದುರಿನ ಕಟ್ಟಡದ ನೆರಳಿನಲ್ಲಿ ನಿಂತು ನೋಡಿದಳು. ಮಗುಚಿ ಹಿಂದೆ ನೋಡಿದಳು. ಎರಡು ಬೆರಳ ನಡುವೆ ಇಟ್ಟುಕೊಂಡು ನಾಲ್ಕು ಹೆಜ್ಜೆ ಅತ್ತ ಹೋದಳು, ನಾಲ್ಕು ಹೆಜ್ಜೆ ಇತ್ತ ಬಂದಳು. ಒಳಗೆ ಮೊಣ್ಣಪ್ಪ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನಂತೆ ಬೆಂಚಿನ ತುದಿಯಲ್ಲಿ ಕೂತಿದ್ದ. ಅವಳ ಮುಖ ನೋಡಲು ಧೈರ್ಯವಾಗದೆ ಕಾಲು ನೋಡುತ್ತಿದ್ದ. ಆ ಕಾಲುಗಳು ಕೊನೆಗೆ ಮೆಟ್ಟಿಲು ಹತ್ತಿ ಬಂದವು.

"ನೀವು ಆರ್ಸಿದ್ದಾ ಇದ್? ನೀವೇ?"

"ನಾನೇ." ಮೊಣ್ಣಪ್ಪ ಬೆಂಚಿನಿಂದ ಎದ್ದು ನಿಂತ. "ತೂಕ ಸ್ವಲ್ಪ ಕಡ್ಮೆ."

"ಹೂಂ. ಮದ್ವೆ ಆದಲ್ಲಿಂದ ನೀವು ನಂಗೆ ತಂದ ಸಾಮಾನ್‌ಲಿ ಹಗುರದ್ದ್ ಇದೇ ಸುರು." ಕಲ್ಲನ್ನು ಜಯಪ್ರಕಾಶನ ಮುಂದಿಟ್ಟಳು. "ಒತ್ತಿ."

ಜಯಪ್ರಕಾಶ ಒಂದೊಂದೇ ಕೊಂಡಿಯನ್ನು ಒತ್ತಿದ.

ಹಿಂದಿರುಗುವಾಗ ದಮಯಂತಿ ಯಾರದೋ ಮನೆಯ ಸುದ್ದಿ ಹೇಳುತ್ತಿದ್ದಳು. ಸೊಸೆಗೂ ಅತ್ತೆಗೂ ಆಗದ ಕಥೆ, ಉದ್ದದ ಕಥೆ. ಹೇಳುತ್ತಿದ್ದಂತೆ ಅವಳ ಹೆಬ್ಬೆರಳು ತನ್ನಷ್ಟಕ್ಕೆ ಪಕ್ಕದ ಬೆರಳುಗಳನ್ನು ದಾಟಿ ಹೋಯಿತು. ಕಲ್ಲು ಸಿಕ್ಕಿತು. ಅವಳ ಮಾತು ಅಲ್ಲಿಗೇ ನಿಂತಿತು. ಆಮೇಲೆ ಏನಾಯಿತೆಂದು ಮೊಣ್ಣಪ್ಪ ಕೇಳಲಿಲ್ಲ. ಕಣ್ಣು ರಸ್ತೆಯ ಮೇಲಿಟ್ಟು ಮೂರ್ನಾಡಿನವರೆಗೂ ಜೀಪನ್ನು ನಿಧಾನವಾಗಿ ಓಡಿಸಿದ.